ಬೆಡ್‌ಶೀಟಿನ ಮೇಲೆ ಮೂರು ಕೈ

ಆಫೀಸಿನ ಮೇಡಂ ಇವತ್ತು ಮತ್ತೆ ಬಂದು ಕೂತಿದ್ದಾಳೆ. ಎದುರಿಗೆ ಸಿಕ್ಕರೆ ‘ಮೇಡಂ’ ಅಂತ ಬಗ್ಗಿಯೇ ಮಾತಾಡುತ್ತೇನೆ. ಮನಸ್ಸಿನೊಳಗೂ ಬಹುವಚನ ಕೊಡುವಷ್ಟು ದೊಡ್ಡ ಗುಣ ನನ್ನದಲ್ಲ. ನಾವು ಕೆಲಸ ಮಾಡುವ ಹಾಲಿನ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು, ಮಾತು ರೆಕಾರ್ಡ್ ಮಾಡಲು ಫೋನನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ.

“ನೀವು ಈ ವ್ಯಾಯಾಮಕ್ಕೆ ಯಾಕೆ ಸೇರಿದ್ರಿ? ಮನಸ್ಸು ಬಿಚ್ಚಿ ಹೇಳಿ, ಪರವಾಗಿಲ್ಲ.”

ಮನಸ್ಸು ಬಿಚ್ಚಬೇಕಂತೆ. ಪಕ್ಕದಲ್ಲೇ ನಮ್ಮ ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದಾನೆ. ಅವನ ಗಂಟಲು ಕೇಳಿ ನಾವಿಟ್ಟ ಹೆಸರು ಜಾಗಟೆ. ಜಾಗಟೆಯನ್ನು ಕಿವಿಯ ಹತ್ತಿರ ಇಟ್ಟುಕೊಂಡು ಯಾರು ಮನಸ್ಸು ಬಿಚ್ಚುತ್ತಾರೆ? ಹೋದವರೆಲ್ಲ “ಆರೋಗ್ಯಕ್ಕೆ ಮೇಡಂ” ಎಂದು ಹೇಳಿ ಬರುತ್ತಿದ್ದಾರೆ. ಆರೋಗ್ಯವಂತೆ, ಮಣ್ಣಾಂಗಟ್ಟಿ!

ಬಾಯ್ಲರಿನವನು ಯಾಕೆ ಸೇರಿದ ಅಂತ ನನಗೆ ಗೊತ್ತು. ಮನೆಯಲ್ಲಿ ಹೆಂಡತಿ ಮಕ್ಕಳು ಅವನ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಯಿತು. ಇಲ್ಲಿ ಕೈ ಆಡಿಸಿದರೆ ವ್ಯಾಯಾಮದ ಮಾಸ್ತರು “ಶಭಾಷ್ ಸರ್” ಅನ್ನುತ್ತಾನೆ. ಆ ಒಂದು ಶಭಾಷ್‌ಗೋಸ್ಕರ ಆ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ಮೊದಲ ಸಾಲಿನಲ್ಲಿ ನಿಲ್ಲುತ್ತಾನೆ. ಹರಿದ ಬಟ್ಟೆ ಹೊಲಿಯುವ ಅಜ್ಜಿ ವ್ಯಾಯಾಮ ಶುರುವಾದ ವಾರವೇ ತಲೆಗೆ ಬಣ್ಣ ಹಚ್ಚಿಕೊಂಡು ಬಂದಳು. ವಯಸ್ಸಾಯಿತು, ಮನೆಗೆ ಹೋಗು ಅಂದುಬಿಟ್ಟಾರು ಎಂಬ ಭಯ. ವ್ಯಾನ್ ಡ್ರೈವರ್ ಬಂದದ್ದು ಸ್ಟೋರಿನ ಹುಡುಗಿ ಬರುತ್ತಾಳೆ ಅಂತ. ಅವಳು ಬರುವುದನ್ನು ಬಿಟ್ಟ ಮರುದಿನವೇ ಇವನಿಗೆ ಸೊಂಟ ಹಿಡಿಯಿತು. ನಾನು ಸೇರಿದ್ದು ನನ್ನ ನಾದಿನಿ ಸೇರಿದಳು ಅಂತ. ನಾದಿನಿ ಸೇರಿದ್ದು, ತನ್ನ ಬಲಗೈ ಮೇಲಕ್ಕೆ ಏಳುವುದಿಲ್ಲ ಎಂಬುದು ಯಾರಿಗೂ ಗೊತ್ತಾಗಬಾರದು ಅಂತ.

ಕೈ ಏಳದವಳು ಕೈ ಎತ್ತಿಸುವ ಕಡೆಗೇ ಯಾಕೆ ಹೋದಳು ಅಂದಿರಾ? ಅದನ್ನೇ ಹೇಳುತ್ತಿದ್ದೇನೆ. ನನ್ನ ಸರದಿ ಬರಲು ಇನ್ನೂ ಹೊತ್ತಿದೆ.

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ನೆಲಮಾಳಿಗೆಯಲ್ಲಿ ಕೊಳೆ ಬಟ್ಟೆ ಬೇರೆ ಮಾಡುತ್ತಾರೆ; ಅಲ್ಲಿಗೆ ಕಿಟಕಿ ಇಲ್ಲ, ಅಲ್ಲಿನ ವಾಸನೆ ಸ್ನಾನ ಮಾಡಿದರೂ ಮೈ ಬಿಡುವುದಿಲ್ಲ. ಮೇಲೆ ಒಗೆಯುವ ಯಂತ್ರಗಳು, ಆಮೇಲೆ ಇಸ್ತ್ರಿಯ ರೋಲರ್, ಕೊನೆಗೆ ನಮ್ಮ ಮಡಚುವ ಹಾಲು. ರೋಲರಿನಿಂದ ಬೆಡ್‌ಶೀಟ್ ಬಿಸಿಬಿಸಿಯಾಗಿ ಹೊರಗೆ ಬಂದ ಕೂಡಲೇ ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು. ಒಮ್ಮೆ ಜಗ್ಗಬೇಕು, ಆಗ ಸುಕ್ಕು ಬಿಡುತ್ತದೆ. ಮೂಲೆಗೆ ಮೂಲೆ ಸೇರಿಸಿ, ನಡೆದು ಬಂದು ಒಬ್ಬಳ ಮೂಲೆಯನ್ನು ಇನ್ನೊಬ್ಬಳ ಕೈಗೆ ಎಸೆದುಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದೆ ಸರಿಯಬೇಕು. ಇದಕ್ಕೆ ಜೋಡಿ ಕೂಡಿಬರಬೇಕು. ಕೂಡದಿದ್ದರೆ ಶೀಟು ನೆಲ ಮುಟ್ಟುತ್ತದೆ, ನೆಲ ಮುಟ್ಟಿದ್ದು ಮತ್ತೆ ಒಗೆಯಲು ಹೋಗುತ್ತದೆ, ಜಾಗಟೆ ಬಾರಿಸತೊಡಗುತ್ತದೆ.

ನಾನೂ ನಾದಿನಿಯೂ ಒಂದು ಜೋಡಿ. ಮನೆಯಲ್ಲಿ ನಮ್ಮಿಬ್ಬರಿಗೆ ಒಂದು ದಿನವೂ ಕೂಡಿಬಂದದ್ದಿಲ್ಲ. ನಾನು ಪಾತ್ರೆ ತೊಳೆದರೆ ಅವಳು ಬೆಳಕಿಗೆ ಹಿಡಿದು ನೋಡಿ, “ತೊಳೆದಿದ್ದೋ, ನೀರು ತೋರ್ಸಿದ್ದೋ ಅತ್ತಿಗೆ?” ಅನ್ನುತ್ತಾಳೆ. ನಾನು ಸುಮ್ಮನಿರುತ್ತೇನೆಯೇ? “ನಿನ್ನ ನಾಲಿಗೆಯಿಂದ ಉಜ್ಜಿದ್ರೆ ಇನ್ನೂ ಬೆಳ್ಳಗಾಗ್ತಿತ್ತು ಬಿಡು” ಅನ್ನುತ್ತೇನೆ. ಶೀಟು ಹಿಡಿದು ನಿಂತಾಗ ಮಾತ್ರ ಅವಳ ಹೆಜ್ಜೆ ನನಗೆ ಗೊತ್ತು, ನನ್ನ ಉಸಿರು ಅವಳಿಗೆ ಗೊತ್ತು.

ಗಂಡ ಬಿಟ್ಟುಹೋದ ಮೇಲೆ ಒಂದು ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬಂದವಳು ಅವಳು. ಬಂದ ದಿನವೇ ನನ್ನನ್ನು ಅಡುಗೆಮನೆಗೆ ಕರೆದು, “ಅತ್ತಿಗೆ, ಅಣ್ಣನ ಮನೇಲಿ ಕೂತು ಉಣ್ಣೋಳಲ್ಲ ನಾನು. ನಿನ್ನ ಕೆಲಸದ ಕಡೆ ನನಗೂ ಒಂದು ಜಾಗ ನೋಡು” ಅಂದಳು. ನನ್ನ ಗಂಡ ಒಳ್ಳೆಯವನು. “ಇರ್ಲಿ ಬಿಡೇ, ನಿನ್ನನ್ಯಾರು ದುಡಿ ಅಂದ್ರು?” ಅಂದ. ಆ “ಇರ್ಲಿ ಬಿಡು” ಅನ್ನುವ ಮಾತೇ ಅವಳಿಗೆ ಮುಳ್ಳು. ಕೆಲಸ ಸಿಕ್ಕಿ, ಮೊದಲ ಸಂಬಳ ತಂದು ಅಣ್ಣನ ಕೈಗಿಟ್ಟ ಸಂಜೆಯೇ ನನ್ನ ಪಾತ್ರೆಗೆ ಹೆಸರಿಡಲು ಶುರುಮಾಡಿದಳು. ದುಡಿಯುವವಳು, ಹಕ್ಕಿನಿಂದ ಬೈಯುತ್ತಿದ್ದಳು. ನನಗೂ ಅದೇ ಇಷ್ಟವಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಅವಳ ಬಲ ಭುಜ ಒಂದೇ ದಿನಕ್ಕೆ ಕೈಕೊಟ್ಟದ್ದಲ್ಲ. ಮೊದಲು ಜಡೆ ಹಾಕಿಕೊಳ್ಳಲು ಆಗಲಿಲ್ಲ; ಬೆಳಿಗ್ಗೆ ನಾನೇ ಎಳೆದು ಹೆಣೆದುಕೊಟ್ಟೆ. ಆಮೇಲೆ ಮೇಲಿನ ಡಬ್ಬ ತೆಗೆಯಲು ಆಗಲಿಲ್ಲ. ಕೊನೆಗೆ ಆ ಕೈ ಎದೆಯ ಮಟ್ಟ ದಾಟುವುದನ್ನೇ ನಿಲ್ಲಿಸಿತು. “ಯಾರಿಗೂ ಹೇಳ್ಬೇಡ ಅತ್ತಿಗೆ, ನಿನ್ನ ಕಾಲಿಗೆ ಬೀಳ್ತೀನಿ” ಅಂದಳು. ಅಂಥ ಗಯ್ಯಾಳಿ ಕಾಲಿಗೆ ಬೀಳುತ್ತೇನೆ ಅಂದಾಗಲೇ ನನಗೆ ಅದರ ತೂಕ ಗೊತ್ತಾದದ್ದು. ಅವತ್ತಿನಿಂದ ಶೀಟು ಜಗ್ಗಿದ ಮೇಲೆ, ಬೇರೆಯವರು ಭುಜದ ಮಟ್ಟಕ್ಕೆ ಎಸೆಯುವ ಮೂಲೆಯನ್ನು ನಾನು ಅವಳ ಸೊಂಟದ ಎತ್ತರಕ್ಕೆ ಎಸೆಯತೊಡಗಿದೆ. ಎತ್ತರದ ಪಾಲು ನನ್ನದು, ಬಗ್ಗುವ ಪಾಲು ಅವಳದು. ಮಾತಾಡಿಕೊಂಡು ಮಾಡಿದ್ದಲ್ಲ, ಕೈಗಳೇ ಕಲಿತುಕೊಂಡವು. ಜಾಗಟೆಗೂ ಗೊತ್ತಾಗಲಿಲ್ಲ.

ಹೀಗೆ ನಡೆಯುತ್ತಿರುವಾಗ ಈ ವ್ಯಾಯಾಮ ಬಂದು ವಕ್ಕರಿಸಿತು. ಕೆಲಸ ಶುರುವಾಗುವ ಮೊದಲು ಅಂಗಳದಲ್ಲಿ ಎಲ್ಲರೂ ಮೈ ಬಗ್ಗಿಸಬೇಕು, ಅದಕ್ಕೊಬ್ಬ ಮಾಸ್ತರು ಬರುತ್ತಾನೆ ಎಂದು ಜಾಗಟೆ ಸಾರಿದ.

“ಬಲವಂತ ಏನಿಲ್ಲ. ಸ್ವಂತ ಇಷ್ಟ. ಆದ್ರೆ ಯಾರ್ಯಾರು ಬರ್ಲಿಲ್ಲ ಅಂತ ಮೇಲಿನೋರು ನೋಡ್ತಿರ್ತಾರೆ, ಅಷ್ಟೇ.”

ಅಷ್ಟೇ! ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಬಾರದವರಿಗೆ ಏನೋ ಕಾಯಿಲೆ ಇರಬೇಕು, ಅಂಥವರನ್ನು ಕೊಳೆ ಬಟ್ಟೆಯ ನೆಲಮಾಳಿಗೆಗೆ ಹಾಕುತ್ತಾರಂತೆ, ಅಲ್ಲಿಂದ ಸೀದಾ ಮನೆಗೆ. ಯಾರು ಹೇಳಿದರು? ಗೊತ್ತಿಲ್ಲ. ನಿಜವೋ ಸುಳ್ಳೋ? ಅದೂ ಗೊತ್ತಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಎಲ್ಲರೂ ಹೆಸರು ಕೊಟ್ಟರು. ಎಲ್ಲರಿಗಿಂತ ಮೊದಲು ಕೊಟ್ಟವಳು ನನ್ನ ನಾದಿನಿ.

“ನಿನಗೇನು ತಲೆ ಕೆಟ್ಟಿದೆಯೇನೇ?” ಅಂತ ಬಸ್ಸಿನಲ್ಲಿ ಅವಳನ್ನು ತರಾಟೆಗೆ ತೆಗೆದುಕೊಂಡೆ. “ಅಲ್ಲಿ ಕೈ ಎತ್ತು ಅಂದ್ರೆ ಏನು ಮಾಡ್ತೀಯ?”

“ಹೋಗದೆ ಇದ್ರೆ ಇವತ್ತೇ ಗೊತ್ತಾಗುತ್ತೆ. ಹೋದ್ರೆ ಗೊತ್ತಾಗೋತನಕ ಗೊತ್ತಾಗಲ್ಲ” ಅಂದಳು. ಅವಳ ಲೆಕ್ಕಾಚಾರವೇ ಹಾಗೆ. ನಾನೂ ಹೆಸರು ಕೊಟ್ಟೆ.

ಮಾಸ್ತರು ಮೈಗಂಟಿದ ಬಟ್ಟೆಯ ಹುಡುಗ. ಎಲ್ಲಿ ಬೇಕಾದರೂ ಬಗ್ಗುತ್ತಿದ್ದ, ರಬ್ಬರ್ ಅಂತ ಹೆಸರಾಯಿತು. ಕೆಟ್ಟವನಲ್ಲ ಪಾಪ. ನಮ್ಮನ್ನು ದೂರ ದೂರ ನಿಲ್ಲಿಸಿ, “ಕೈ ಮೇಲೆ! ಇನ್ನೂ ಮೇಲೆ! ಆಕಾಶ ಮುಟ್ಟಿ!” ಅಂದ. ಬಾಯ್ಲರಿನವನು ಆಕಾಶ ಮುಟ್ಟಿದ. ಅಜ್ಜಿ ಮುಟ್ಟಿದಳು. ನನ್ನ ನಾದಿನಿಯ ಎಡಗೈ ಮುಟ್ಟಿತು, ಬಲಗೈ ಎದೆಯ ಹತ್ತಿರವೇ ನಿಂತುಬಿಟ್ಟಿತು. ರಬ್ಬರ್ ಅವಳ ಕಡೆಗೇ ಬಂದ.

“ಅಮ್ಮಾ, ಬಲಗೈಗೆ ಏನಾಯ್ತು?”

“ರಾತ್ರಿ ಅಡ್ಡ ಮಲಗಿದ್ದೆ, ಸ್ವಲ್ಪ ಹಿಡ್ಕೊಂಡಿದೆ” ಅಂದಳು. ಮುಖ ಬೆವರಿತ್ತು. ಆ ಕಡೆಯಿಂದ ಜಾಗಟೆ ಕತ್ತು ಉದ್ದ ಮಾಡಿ ನೋಡತೊಡಗಿದ.

ನನಗೆ ಎಲ್ಲಿತ್ತೋ ಸಿಟ್ಟು. “ಏನ್ರೀ ಮಾಸ್ತರೇ,” ಅಂತ ಕೂಗಿದೆ, “ಬರೀ ಗಾಳಿ ಎತ್ತಿಸ್ತೀರಲ್ಲ! ನಾವು ಮಡಚೋ ಹೆಂಗಸರು, ಕೈಯಲ್ಲಿ ಶೀಟ್ ಇಲ್ದಿದ್ರೆ ನಮಗೆ ಕೈನೇ ಏಳಲ್ಲ. ಒಂದೊಂದು ಜೋಡಿಗೆ ಒಂದೊಂದು ಶೀಟ್ ಕೊಡಿ, ಆಮೇಲೆ ನೋಡಿ!”

ಎಲ್ಲರೂ ನಕ್ಕರು. ರಬ್ಬರ್ ನಗಲಿಲ್ಲ. ಅವನ ಕಣ್ಣು ಅರಳಿತು. “ಎಂಥಾ ಐಡಿಯಾ ಅಮ್ಮಾ!” ಅಂದ. ಮರುದಿನದಿಂದ ಬೆಡ್‌ಶೀಟ್ ವ್ಯಾಯಾಮ ಶುರುವಾಯಿತು.

ಒಂದು ಜೋಡಿ ಅಕ್ಕಪಕ್ಕ ನಿಂತು, ಅಗಲವಾದ ಶೀಟನ್ನು ಪರದೆಯ ಹಾಗೆ ಮುಂದೆ ಹಿಡಿದು ತಲೆಯ ಮೇಲೆ ಎತ್ತಬೇಕು, ಇಳಿಸಬೇಕು. ಎಡ ತುದಿಯಲ್ಲಿ ನಾದಿನಿ, ಬಲ ತುದಿಯಲ್ಲಿ ನಾನು. ಎಡ ಮೂಲೆಯನ್ನು ಅವಳು ತನ್ನ ಒಳ್ಳೆಯ ಕೈಯಲ್ಲಿ ಎತ್ತುತ್ತಿದ್ದಳು. ಬಲ ಮೂಲೆ ನನ್ನ ಬಲಗೈಯಲ್ಲಿ. ನಡುವಿನ ಅಂಚು ಜೋತುಬೀಳದ ಹಾಗೆ ನನ್ನ ಎಡಗೈಯನ್ನು ಆದಷ್ಟು ಅವಳ ಕಡೆಗೆ ಚಾಚಿ ಹಿಡಿಯುತ್ತಿದ್ದೆ. ಅವಳ ಬಲಗೈ ಶೀಟಿನ ಹಿಂದೆ ಹಾಯಾಗಿ ತೂಗಾಡುತ್ತಿತ್ತು. ಎದುರಿನಿಂದ ನೋಡಿದವರಿಗೆ ಒಂದು ಬಿಳಿ ಶೀಟು, ಮೇಲೆ ಕೈಗಳು, ಕೆಳಗೆ ಕಾಲುಗಳು. ಎಷ್ಟು ಕೈ ಅಂತ ಎಣಿಸುವ ಹುಚ್ಚು ಯಾರಿಗಿರುತ್ತದೆ?

“ನೋಡ್ದೆಯಾ ಅತ್ತಿಗೆ, ನಿನ್ನ ಬಾಯಿ ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತೆ ಅಂತ ಅಣ್ಣಂಗೆ ಹೇಳ್ತಾನೇ ಇದ್ದೆ” ಅಂತ ಶೀಟಿನ ಹಿಂದೆ ಪಿಸುಗುಟ್ಟಿದಳು. ಇಬ್ಬರೂ ನಗು ತಡೆಯಲಾರದೆ ಶೀಟು ಅಲ್ಲಾಡಿಸಿದೆವು. ರಬ್ಬರ್ “ಉತ್ಸಾಹ ಅಂದ್ರೆ ಇದು!” ಅಂತ ಚಪ್ಪಾಳೆ ತಟ್ಟಿದ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ರಬ್ಬರ್ ಆಫೀಸಿಗೆ ಹೇಳಿದ, ಆಫೀಸಿನ ಮೇಡಂ ಫೋಟೋದವನನ್ನು ಕರೆತಂದಳು. ಎಲ್ಲರನ್ನೂ ಬಿಟ್ಟು ನಮ್ಮ ಜೋಡಿಯನ್ನೇ ಆರಿಸಿದರು, ಎಲ್ಲರಿಗಿಂತ ನಾವೇ ಜೋರಾಗಿ ನಗುತ್ತಿದ್ದೆವಲ್ಲ. ಶೀಟನ್ನು ಮೇಲೆತ್ತಿ, ಆ ಕಡೆಯಿಂದ ಅವಳು ಈ ಕಡೆಯಿಂದ ನಾನು ಮುಖ ಹೊರಗೆ ಹಾಕಿ ನಗಬೇಕೆಂದರು. ನಕ್ಕೆವು. ಆಳೆತ್ತರದ ಫೋಟೋ ಮುಂಬಾಗಿಲಿನ ಗೋಡೆಗೆ ಬಂತು, ಅದರದೇ ಒಂದು ಚಿಕ್ಕ ಪ್ರತಿ ಮ್ಯಾನೇಜರನ ಕೋಣೆಗೆ. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಎತ್ತಿದ ಕೈ ಸೋಲದು’ ಎಂದು ಬರೆಸಿದ್ದರು. ನನ್ನ ಗಂಡನಿಗೆ ಫೋನಿನಲ್ಲಿ ತೋರಿಸಿದರೆ ತಂಗಿಯ ಮುಖ ನೋಡಿ, “ಎಷ್ಟು ವರ್ಷ ಆಯ್ತಲ್ಲೇ ನೀನು ಹೀಗೆ ನಕ್ಕು” ಅಂದ. ಅವನೂ ಕೈ ಎಣಿಸಲಿಲ್ಲ.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಏನು ಅಂತ ಮುಂದಿನ ತಿಂಗಳು ಗೊತ್ತಾಯಿತು. ನಾವು ಮಡಚಿ ಕಟ್ಟಿದ ಶೀಟಿನ ಗಂಟುಗಳನ್ನು ರ್ಯಾಕಿಗೆ ಏರಿಸಲು ಇಬ್ಬರು ಗಂಡಾಳುಗಳಿದ್ದರು. ಮ್ಯಾನೇಜರ್ ಹಾಲಿಗೆ ಬಂದು, ವ್ಯಾಯಾಮದಿಂದ ಮಡಚುವ ವಿಭಾಗದ ಅಕ್ಕಂದಿರ ಭುಜಗಳು ಎಷ್ಟು ಗಟ್ಟಿಯಾಗಿವೆ ಎಂದು ಊರಿಗೇ ಗೊತ್ತಿದೆ, ಇನ್ನು ಮೇಲೆ ಅವರವರ ಗಂಟನ್ನು ಅವರವರೇ ಏರಿಸಲಿ ಎಂದ. ಆ ಇಬ್ಬರನ್ನು ಬೇರೆ ಕಡೆ ಹಾಕಿದರು. ಜಾಗ ಉಳಿಯಲಿ ಅಂತ ರ್ಯಾಕುಗಳಿಗೆ ಮೇಲೆ ಇನ್ನೊಂದು ಅಂತಸ್ತು ಕೂಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಾಗಟೆ ಮೊದಲು ತಟ್ಟಿದ್ದರಿಂದ ನಾವೂ ತಟ್ಟಿದೆವು.

ಅವಳ ಪಾಲಿನ ಗಂಟುಗಳನ್ನೂ ನಾನೇ ಏರಿಸಿದೆ. ಅವಳು ಕೆಳಗಿನಿಂದ ಎಡಗೈಯಲ್ಲಿ ಒತ್ತಿಕೊಡುತ್ತಿದ್ದಳು, ನಾನು ತುದಿಗಾಲಲ್ಲಿ ನಿಂತು ತಳ್ಳುತ್ತಿದ್ದೆ. ಮನೆಗೆ ಹೋದ ಮೇಲೆ ನನ್ನ ಎಡ ಭುಜಕ್ಕೆ ಅವಳೇ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುವಾಗ ಬೈಯುವುದನ್ನು ಮರೆಯುತ್ತಿರಲಿಲ್ಲ. “ಎಮ್ಮೆ ಚರ್ಮ ಅತ್ತಿಗೆ ನಿಂದು, ಎಣ್ಣೆ ಒಳಗೇ ಇಳಿಯಲ್ಲ.”

ಒಂದು ದಿನ ರಬ್ಬರ್ ಓಡಿಬಂದು, ಇನ್ನೊಂದು ಕಡೆಯ ಲಾಂಡ್ರಿಯಲ್ಲೂ ಬೆಡ್‌ಶೀಟ್ ವ್ಯಾಯಾಮ ಶುರುಮಾಡುತ್ತಾರೆ, ನೀವಿಬ್ಬರೂ ಬಂದು ತೋರಿಸಬೇಕು ಅಂದ. ನಾದಿನಿಗೆ ಅದು ಬೇಡವಾಗಿತ್ತು. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಕಣ್ಣುಗಳು. ಹೊಟ್ಟೆ ನೋವು ಅಂತ ನೆಪ ಹೇಳಿ ಹಾಲಿನಲ್ಲೇ ಉಳಿದುಕೊಂಡಳು. ನಾನೊಬ್ಬಳೇ ವ್ಯಾನಿನಲ್ಲಿ ಹೋದೆ. ಅಲ್ಲಿನವಳೊಬ್ಬಳನ್ನು ಜೋಡಿ ಮಾಡಿಕೊಂಡು ಎಲ್ಲರ ಮುಂದೆ ಶೀಟು ಎತ್ತಿ ಇಳಿಸಿ, ಕೊಟ್ಟ ಚಹಾ ಕುಡಿದು ವಾಪಸು ಬಂದರೆ ನಮ್ಮ ಹಾಲಿನಲ್ಲಿ ರೋಲರ್ ನಿಂತಿತ್ತು.

ಅವಳನ್ನು ನೆಲದ ಮೇಲೆ, ಶೀಟಿನ ಗಂಟಿಗೆ ಒರಗಿಸಿ ಕೂರಿಸಿದ್ದರು. ಆಗಿದ್ದು ಇಷ್ಟು. ಜಾಗಟೆ ಅವಳಿಗೆ ಬೇರೆ ಜೋಡಿ ಕೊಟ್ಟ. ಆ ಹೆಂಗಸು ತನ್ನ ಪಾಲಿನ ಗಂಟು ಏರಿಸಿ, “ಈಗ ನಿಂದು” ಅಂದಳು. ಎಲ್ಲರೂ ನೋಡುತ್ತಿದ್ದರು. ಇವಳು ಎಡಗೈಯಲ್ಲಿ ಎತ್ತಿ, ಬಲಗೈಯನ್ನು ಕೆಳಗೆ ಆನಿಸಿ ಮೇಲಕ್ಕೆ ನೂಕಿದಳು. ಗಂಟು ಅರ್ಧಕ್ಕೆ ಹೋಗಿ ವಾಲಿ, ಪೂರ್ತಿ ಭಾರ ಆ ಭುಜದ ಮೇಲೆಯೇ ಬಿತ್ತು. ಲಟಕ್ಕೆಂದದ್ದು ಪಕ್ಕದ ಮೇಜಿನ ತನಕ ಕೇಳಿಸಿತಂತೆ. ನನ್ನನ್ನು ಕಂಡ ಕೂಡಲೇ, “ಶೀಟು ನೆಲ ಮುಟ್ಟಿಲ್ಲ ಅತ್ತಿಗೆ, ನೋಡು, ಗಂಟು ಬಿಚ್ಚಿಲ್ಲ” ಅಂದಳು. ಅಲ್ಲಿಯತನಕ ಅಳದೆ ಇದ್ದವಳು ನಾನು, ಆಗ ಅತ್ತುಬಿಟ್ಟೆ.

ಕಂಪನಿ ಡಾಕ್ಟರು ಕೈ ಅಲ್ಲಾಡಿಸಿ ನೋಡಿದ. ಅವಳು ಹಲ್ಲು ಕಚ್ಚಿಕೊಂಡಳು. ಒಳಗೆ ಏನೋ ಹರಿದಿದೆ, ಆದರೆ ಜೊತೆಗೆ ಭುಜ ಬಹಳ ಹಿಂದಿನಿಂದ ಬಿಗಿದಿರುವ ಹಾಗಿದೆ ಅಂದ. ಕೆಲಸದಲ್ಲಿ ಆದ ಪೆಟ್ಟು ಅಂತಾದರೆ ಕಂಪನಿಯೇ ಆಪರೇಷನ್ ಮಾಡಿಸಬೇಕು, ವಾಸಿಯಾಗುವ ತನಕ ಅವಳ ಜಾಗ ಕಾಯ್ದಿರಿಸಬೇಕು. ಅಲ್ಲ ಅಂತಾದರೆ ಏನೂ ಇಲ್ಲ. ಅದನ್ನು ತೀರ್ಮಾನಿಸಲು ಮ್ಯಾನೇಜರನ ಕೋಣೆಗೆ ಕರೆದರು. ಕತ್ತಿಗೆ ಬಟ್ಟೆ ಕಟ್ಟಿ ಕೈ ತೂಗುಹಾಕಿಕೊಂಡು ಅವಳು ನಿಂತಳು, ಪಕ್ಕದಲ್ಲಿ ನಾನು. ಮೇಜಿನ ಹಿಂದೆ ಮ್ಯಾನೇಜರ್, ಅವನ ಪಕ್ಕ ಈ ಮೇಡಂ, ಅವರ ತಲೆಯ ಮೇಲೆ ಗೋಡೆಯಲ್ಲಿ ನಮ್ಮ ಫೋಟೋ.

“ಡಾಕ್ಟರು ಹಳೇ ನೋವು ಅಂತಿದ್ದಾರೆ,” ಅಂದ ಮ್ಯಾನೇಜರ್. “ಆದ್ರೆ ನೀನು ದಿನಾ ವ್ಯಾಯಾಮ ಮಾಡ್ತಿದ್ದೆ. ಫೋಟೋದಲ್ಲಿ ಕೈ ಎಷ್ಟು ನೆಟ್ಟಗಿದೆ ನೋಡು! ಇಷ್ಟು ಗಟ್ಟಿ ಇದ್ದೋಳಿಗೆ ಒಂದು ಗಂಟು ಎತ್ತಿದ್ದಕ್ಕೆ ಹೀಗಾಗುತ್ತಾ? ಮನೇಲಿ ಎಲ್ಲೋ ಬಿದ್ದಿದ್ದೀಯ.”

“ಇಲ್ಲೇ ಆಗಿದ್ದು ಸರ್. ಎಲ್ಲರೂ ನೋಡಿದ್ದಾರೆ” ಅಂದಳು.

ಮೇಡಂ ಮೆತ್ತಗೆ ನಕ್ಕಳು. “ನೋಡಿಮ್ಮಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಲಸ ಜಾಸ್ತಿಯಾಯ್ತು ಅಂತ ಹೀಗೆ ನೋವಿನ ನಾಟಕ ಆಡೋರು ಎಲ್ಲಾ ಕಡೆ ಇರ್ತಾರೆ. ನೀವು ಅಂಥೋರಲ್ಲ ಅಂದ್ಕೊಂಡಿದ್ವಿ.”

ನಾಟಕ! ನನ್ನ ನಾದಿನಿಯ ಬಾಯಿ ಕೆಟ್ಟದು, ಸಿಟ್ಟು ಕೆಟ್ಟದು, ಆದರೆ ಸುಳ್ಳಿ ಅನ್ನಿಸಿಕೊಂಡರೆ ಅವಳಿಗೆ ಆಗುವುದಿಲ್ಲ. ಬಿಟ್ಟುಹೋದ ಗಂಡ ಊರೆಲ್ಲ ಹೇಳಿಕೊಂಡು ತಿರುಗಿದ್ದು ಅದನ್ನೇ, ಇವಳು ಸುಳ್ಳಿ ಅಂತ. ಅವಳ ಮುಖ ಕೆಂಪಾಗುವುದು ನೋಡಿ ನಾನು ಅವಳ ಸೆರಗು ಹಿಡಿದು ಎಳೆದೆ. ಬಾಯಿ ಬಿಟ್ಟರೆ ಕೆಟ್ಟೆವು ಅಂತ ನನಗೆ ಗೊತ್ತಿತ್ತು. ಕೈ ಸರಿ ಇತ್ತು ಅಂದರೆ ನೋವು ಸುಳ್ಳು. ಕೈ ಸರಿ ಇರಲಿಲ್ಲ ಅಂದರೆ ಇಷ್ಟು ದಿನ ಮುಚ್ಚಿಟ್ಟದ್ದು ತಪ್ಪು. ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಆಪರೇಷನ್ ಹೋದರೂ ಕಾಡಿ ಬೇಡಿ ಕೆಲಸವಾದರೂ ಉಳಿಸಿಕೊಳ್ಳಬಹುದಿತ್ತು.

ಸೆರಗು ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ಹೋದಳು. ಎಡಗೈಯನ್ನು ಫೋಟೋದ ಕಡೆ ತೋರಿಸಿದಳು.

“ಎಣಿಸಿ ಸರ್.”

“ಏನನ್ನ?”

“ಕೈಗಳನ್ನ. ಶೀಟಿನ ಮೇಲೆ ಎಷ್ಟು ಕೈ ಇವೆ, ಎಣಿಸಿ.”

ಮ್ಯಾನೇಜರ್ ಕುರ್ಚಿ ತಿರುಗಿಸಿದ. ಮೇಡಂ ಕತ್ತು ಎತ್ತಿದಳು. ಎಡ ಮೂಲೆಯಲ್ಲಿ ಒಂದು. ನಡುವೆ ಒಂದು. ಬಲ ಮೂಲೆಯಲ್ಲಿ ಒಂದು. ಇಬ್ಬರು ಹೆಂಗಸರು, ಎರಡು ನಗುವ ಮುಖ, ನಾಲ್ಕು ಕಾಲು, ಮೂರು ಕೈ. ಆ ಗೋಡೆಯ ಕೆಳಗೆ ಇಷ್ಟು ದಿನ ಕೂತು ಕೆಲಸ ಮಾಡಿದವರು ಮೊದಲ ಸಲ ಎಣಿಸಿದರು.

“ಬಲಗೈ ಎತ್ತೋಕೆ ಆಗ್ತಿರ್ಲಿಲ್ಲ ನನಗೆ,” ಅಂದಳು. “ಈ ವ್ಯಾಯಾಮ ಬರೋಕೆ ಮುಂಚಿಂದಾನೂ ಆಗ್ತಿರ್ಲಿಲ್ಲ. ಆದ್ರೂ ಒಂದು ಶೀಟೂ ನೆಲ ಮುಟ್ಟಿಸ್ಲಿಲ್ಲ. ಗಂಟು ಎತ್ತು ಅಂದಿದ್ದು ನೀವು, ಹರಿದಿದ್ದು ಇಲ್ಲೇ. ನಾಟಕ ಅಂತ ಮಾತ್ರ ಅನ್ಬೇಡಿ.”

ಒಂದು ಗಳಿಗೆ, ನಿಜಕ್ಕೂ ಒಂದೇ ಗಳಿಗೆ, ನನಗೆ ಅವಳು ಗೆದ್ದಳು ಅನ್ನಿಸಿತು. ಮ್ಯಾನೇಜರನ ಮುಖದಲ್ಲಿ ನಾಚಿಕೆಯಂಥದ್ದೇನೋ ಬಂದು ಹೋಯಿತು. ಆಮೇಲೆ ಮೇಡಂ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಗಂಟಲು ಸರಿಮಾಡಿಕೊಂಡು, “ಹಾಗಾದ್ರೆ ನೀನೇ ಒಪ್ಕೊಂಡ ಹಾಗಾಯ್ತು” ಅಂದ. ಕೈಲಾಗದ್ದನ್ನು ಮುಚ್ಚಿಟ್ಟು ಕೆಲಸ ಮಾಡಿದ್ದು ಕಂಪನಿಗೆ ಮಾಡಿದ ಮೋಸ. ಪೆಟ್ಟೂ ಅದರಿಂದಲೇ ಆದದ್ದು. ನಾಳೆಯಿಂದ ಬರುವುದು ಬೇಡ. ನನ್ನ ಕಡೆ ತಿರುಗಿ, “ನಿನ್ನ ಪಾಲೂ ಇದೆ ಇದರಲ್ಲಿ. ಹಳೇ ಕೆಲಸಗಾರ್ತಿ ಅಂತ ಬಿಟ್ಟಿದ್ದೀನಿ” ಅಂದ. ಬಿಟ್ಟಿದ್ದಾನಂತೆ, ದೊಡ್ಡ ಧರ್ಮಾತ್ಮ!

ಬಸ್ಸಿನಲ್ಲಿ ಬರುವಾಗ ನಾನು ಅವಳನ್ನು ಬೈದೆ. ಥೂ ಅಂದೆ, ಛೀ ಅಂದೆ, ನಿನ್ನ ಬಾಯಿಗಿಷ್ಟು ಬೆಂಕಿ ಹಾಕ ಅಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಇಳಿಯುವ ಜಾಗ ಬಂದಾಗ, “ಕೈ ಹೋಯ್ತು, ಕೆಲಸ ಹೋಯ್ತು. ಸುಳ್ಳಿ ಅನ್ನೋ ಹೆಸರಾದ್ರೂ ಹೋಗ್ಲಿ ಅಂದ್ಕೊಂಡೆ ಅತ್ತಿಗೆ” ಅಂದಳು. ಅದೂ ಹೋಗಲಿಲ್ಲ. ಮಾರನೆಯ ದಿನ ಜಾಗಟೆ ಹಾಲಿನ ನಡುವೆ ನಿಂತು, ಮೋಸಗಾರ್ತಿಯೊಬ್ಬಳು ಸಿಕ್ಕಿಬಿದ್ದ ಕಥೆಯನ್ನು ಎಲ್ಲರಿಗೂ ಬಾರಿಸಿ ಹೇಳಿದ. ಬಾಯ್ಲರಿನವನು ತಲೆ ತಗ್ಗಿಸಿ ನಿಂತಿದ್ದ. ಅವನ ಮೊಣಕಾಲು ನೆಟ್ಟಗಿಲ್ಲ ಅಂತ ನನಗೆ ಗೊತ್ತು. ಅಜ್ಜಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

ಫೋಟೋ ತೆಗೆಸಿ ಹೊಸದು ಹಾಕಿಸಿದರು. ಅದರಲ್ಲೂ ನಾನೇ ಇದ್ದೇನೆ, ಪಕ್ಕದಲ್ಲಿ ಹೊಸ ಜೋಡಿ, ಉದ್ದನೆಯ ಹುಡುಗಿ. ಕ್ಲಿಕ್ ಅನ್ನಿಸುವ ಮೊದಲು ಮೇಡಂ ಮುಂದೆ ಬಂದು ಬೆರಳು ಮಾಡಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಈಗ ದಿನಾ ಬೆಳಿಗ್ಗೆ ಜಾಗಟೆಯೂ ಎಣಿಸುತ್ತಾನೆ. ನಮ್ಮಿಂದ ಅವರು ಕಲಿತದ್ದು ಅಷ್ಟೇ.

ನಾದಿನಿ ಮನೆಯಲ್ಲಿದ್ದಾಳೆ. ಕಂಪನಿ ಕೈಬಿಟ್ಟ ಮೇಲೆ ಆಪರೇಷನ್ ಮಾತು ಯಾರೂ ಎತ್ತಿಲ್ಲ. ನನ್ನ ಗಂಡ “ಇರ್ಲಿ ಬಿಡು, ನಾವಿಲ್ವಾ?” ಅನ್ನುತ್ತಾನೆ. ಅವಳು ಹೂಂ ಅನ್ನುತ್ತಾಳೆ. ಬಡಿಸಿದ್ದನ್ನು ಉಣ್ಣುತ್ತಾಳೆ, ಇನ್ನೊಂದು ತುತ್ತು ಹಾಕಿಕೋ ಅಂದರೆ ಸಾಕು ಅನ್ನುತ್ತಾಳೆ. ಮೊನ್ನೆ ನಾನು ಬೇಕಂತಲೇ ಪಾತ್ರೆಯನ್ನು ಅರ್ಧಂಬರ್ಧ ತೊಳೆದು, ಅಂಚಿನಲ್ಲಿ ಜಿಡ್ಡು ಹಾಗೇ ಬಿಟ್ಟು, ಅವಳ ಕಣ್ಣೆದುರಿಗೇ ಬೋರಲು ಹಾಕಿದೆ. ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಎದ್ದು ಬಂದು, ಎಡಗೈಯಲ್ಲಿ ಪಾತ್ರೆ ಎತ್ತಿಕೊಂಡು, ಒಂದು ಮಾತೂ ಆಡದೆ ತಾನೇ ತೊಳೆದಿಟ್ಟಳು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನನ್ನ ವಿಷಯ ಒಂದು ಬಾಕಿ ಇದೆ. ಇಬ್ಬರ ಗಂಟು ಏರಿಸಿದ ನನ್ನ ಎಡ ಭುಜ ಈಗ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ಅಂಗಳದಲ್ಲಿ ರಬ್ಬರ್ “ಇನ್ನೂ ಮೇಲೆ!” ಅಂದಾಗ ಹಲ್ಲು ಕಚ್ಚಿ ಎತ್ತುತ್ತೇನೆ, ಕಚ್ಚಿದ ಹಲ್ಲು ದೂರದಿಂದ ನಗುವಿನ ಹಾಗೆ ಕಾಣುತ್ತದೆ. ಇನ್ನೆಷ್ಟು ದಿನ ಎತ್ತುತ್ತೇನೋ ದೇವರಿಗೇ ಗೊತ್ತು. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಅವಳು ಎಣ್ಣೆ ಹಿಡಿದುಕೊಂಡು ಬರುತ್ತಾಳೆ, ಮತ್ತು ಬೈಯುವುದಿಲ್ಲ.

“ಮುಂದಿನವರು!” ಜಾಗಟೆ ಕೂಗಿದ. ನನ್ನ ಸರದಿ. ಹೋಗಿ ನಿಂತೆ. ಮೇಡಂ ಫೋನನ್ನು ನನ್ನ ಕಡೆ ಸರಿಸಿದಳು. ಎಷ್ಟೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಣಿಸಿ ಅಂದವಳ ಮುಖ ಕಣ್ಣ ಮುಂದೆ ಬಂತು.

“ಹೇಳಿಮ್ಮಾ, ನೀವು ಯಾಕೆ ಸೇರಿದ್ರಿ?”

“ಆರೋಗ್ಯಕ್ಕೆ ಮೇಡಂ.”

“ವೆರಿ ಗುಡ್. ಎಲ್ಲರೂ ಅದನ್ನೇ ಹೇಳ್ತಿದ್ದಾರೆ” ಅಂತ ಸಂತೋಷಪಟ್ಟಳು.

ವಾಪಸು ಬಂದು ರೋಲರಿನ ಮುಂದೆ ನಿಂತೆ. ಬಿಸಿ ಶೀಟು ಬಂತು. ಇಬ್ಬರೂ ಮೂಲೆ ಹಿಡಿದೆವು, ಜಗ್ಗಿದೆವು. ಉದ್ದನೆಯ ಹುಡುಗಿ ತನ್ನ ಮೂಲೆಯನ್ನು ನನ್ನ ಸೊಂಟದ ಎತ್ತರಕ್ಕೆ ಎಸೆದಳು. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ.

“ಮೇಲಕ್ಕೆ ಎಸಿಯೇ, ನನಗೇನು ಕೈ ಇಲ್ವಾ?” ಅಂತ ಗದರಿದೆ.

ಅವಳು ಜಾಗಟೆ ಇದ್ದ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಮುಂದಿನ ಶೀಟನ್ನೂ ಸೊಂಟದ ಎತ್ತರಕ್ಕೇ ಎಸೆದಳು.